ಬಿಟ್ಟ ಮೇಲೂ ವಿಚಾರಿಸಬೇಕು



ಮಗಳನ್ನು ಗಂಡನ ಮನೆಗೆ ಕಳುಹಿಸಿದ ತಾಯಿ ಮರುದಿನ ಸುಮ್ಮನಿರುತ್ತಾಳೆಯೇ? ಫೋನು ಮಾಡಿ ಕ್ಷೇಮ ವಿಚಾರಿಸುತ್ತಾಳೆ. ಈಗ ಹಕ್ಕಿಗಳ ಕ್ಷೇಮವನ್ನೂ ಹಾಗೆಯೇ ವಿಚಾರಿಸುವವರಿದ್ದಾರೆ.

2025ರ ಜನವರಿಯಲ್ಲಿ ಮಧ್ಯಪ್ರದೇಶದ ಸತ್ನಾ ಜಿಲ್ಲೆಯಲ್ಲಿ ಗಾಯಗೊಂಡ ರಣಹದ್ದೊಂದು ಸಿಕ್ಕಿತು. ಭೋಪಾಲದ ವನವಿಹಾರದಲ್ಲಿ ಚಿಕಿತ್ಸೆ ಕೊಟ್ಟು, ಮಾರ್ಚ್ 29ರಂದು ಹಲಾಲಿ ಅಣೆಕಟ್ಟಿನ ಬಳಿ ಹಾರಿಬಿಟ್ಟರು. ಅದರ ಮೈಗೆ ಪುಟ್ಟ ಯಂತ್ರವೊಂದನ್ನು ಕಟ್ಟಿದ್ದರು. ಉಪಗ್ರಹದ ನೆರವಿನಿಂದ ಹಕ್ಕಿ ಎಲ್ಲಿದೆಯೆಂದು ಅದು ತಿಳಿಸುತ್ತದೆ. ಆ ಹಕ್ಕಿ ಪಾಕಿಸ್ತಾನ, ಅಫ್ಘಾನಿಸ್ತಾನ, ತುರ್ಕ್‌ಮೆನಿಸ್ತಾನ, ಉಝ್ಬೆಕಿಸ್ತಾನ ದಾಟಿ ಕಝಾಕಿಸ್ತಾನ ಸೇರಿತು. ಯಾರೂ ಪಾಸ್‌ಪೋರ್ಟ್ ಕೇಳಲಿಲ್ಲ! ಇಂಥ ಹಕ್ಕಿಯ ಗುರುತು ಬಹಳ ಹೊತ್ತು ಒಂದೇ ಕಡೆ ನಿಂತರೆ, ಏನಾಯಿತೋ ಎಂದು ಹುಡುಕಿಕೊಂಡು ಹೋಗುತ್ತಾರೆ.

ಸತ್ತದ್ದನ್ನು ತಿನ್ನುವ ಹಕ್ಕಿಗೆ ಇಷ್ಟೊಂದು ಆರೈಕೆ ಏಕೆ? ನೋವು ಶಮನಕ್ಕೆಂದು ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಅವುಗಳಿಗೆ ವಿಷವಾಯಿತು. ಆ ಔಷಧ ಪಡೆದು ಸತ್ತ ದನವನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು, ಕೆಲವು ಜಾತಿಗಳು ಅಳಿವಿನಂಚಿಗೆ ಬಂದವು. 2006ರಲ್ಲಿ ದನಗಳಿಗೆ ಈ ಔಷಧ ಕೊಡುವುದನ್ನು ಸರಕಾರ ನಿಷೇಧಿಸಿತು. ನಮ್ಮ ರಾಮನಗರದ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಲಾಯಿತು. ಅಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು. ಕೆ.ಜಿ.ಎಫ್.ನ ನನ್ನ ತರಗತಿಯಲ್ಲಿ "ರಣಹದ್ದು ನೋಡಿದವರಾರು?" ಎಂದು ಕೇಳಿದೆ. ಒಂದು ಕೈಯೂ ಮೇಲೇಳಲಿಲ್ಲ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಬಂಗಾರಪೇಟೆಯ ನಮ್ಮ ಮನೆಯ ಹಸುವಿನ ಕಾಲು ಬಾತಾಗ, "ಬೇಗ ನೋವು ಹೋಗುವ ಇಂಜೆಕ್ಷನ್ ಕೊಡಿ" ಎಂದು ಒತ್ತಾಯಿಸಿದವನು ನಾನೇ. ಯಾವ ಔಷಧವೆಂದು ಕೇಳಲಿಲ್ಲ. ಮೂರನೇ ದಿನ ಹಸು ಸತ್ತಿತು. ಊರ ಹೊರಗೆ ಎಸೆದು ಬಂದೆವು. ಅದನ್ನು ಏನೇನು ತಿಂದವೋ ಅಲ್ಲಾಹನೇ ಬಲ್ಲ.

ಒಮ್ಮೆ ಪ್ರಯಾಣದಲ್ಲಿ ಅನುಚರರು ಒಂದು ಹಕ್ಕಿಯ ಎರಡು ಮರಿಗಳನ್ನು ಎತ್ತಿಕೊಂಡರು. ತಾಯಿ ಹಕ್ಕಿ ರೆಕ್ಕೆ ಬಡಿಯುತ್ತಾ ಸುತ್ತತೊಡಗಿತು. ಇದನ್ನು ಕಂಡ ಪ್ರವಾದಿ(ಸ)ರು ಮರಿಗಳನ್ನು ತಾಯಿಗೆ ಮರಳಿಸಲು ಆಜ್ಞಾಪಿಸಿದರೆಂದು ಅಬೂದಾವೂದ್‌ನ ಹದೀಸ್‌ನಲ್ಲಿದೆ. ಅಷ್ಟು ಪುಟ್ಟ ಜೀವದ ದುಃಖವೂ ಅವರಿಗೆ ಸಣ್ಣದಾಗಿ ಕಾಣಲಿಲ್ಲ.

ನೆಲದ ಚಿನ್ನ ತೆಗೆದು, 2001ರಲ್ಲಿ ಗಣಿ ಮುಚ್ಚಿದ್ದನ್ನು ಕಂಡವರು ನಾವು. ಆಕಾಶವೂ ಬರಿದಾಗುವ ಮುನ್ನ ಎಚ್ಚರಗೊಳ್ಳಬೇಡವೇ? ಮನೆಯಲ್ಲಿ ಹಸು, ಆಡು ಸಾಕುವ ಸಹೋದರ ಸಹೋದರಿಯರೇ, ವೈದ್ಯರನ್ನು ಒಂದು ಮಾತು ಕೇಳಿ: "ಇದು ಯಾವ ಔಷಧ?" ರಣಹದ್ದಿಗೆ ಅಪಾಯವಿಲ್ಲದ ಮೆಲೊಕ್ಸಿಕಾಮ್ ಇದೆ. ಕೇಳಲು ಕಾಸು ಖರ್ಚಿಲ್ಲ. ಅಲ್ಲಾಹನು ನಮಗೆ ವಿವೇಕ ನೀಡಲಿ.