ಆಡಿದ ಕೈ, ನೋಡುವ ಕಣ್ಣು

ಕಾದಂಬರಿಯೊಂದು ಚಲನಚಿತ್ರವಾದಾಗ ಅದನ್ನು ಓದಿದವರು ಗೊಣಗುವುದು ನಮಗೆ ಹೊಸತಲ್ಲ. "ಮೂಲದಲ್ಲಿ ಹೀಗಿರಲಿಲ್ಲ" ಎಂಬ ಮಾತನ್ನು ಚಿತ್ರಮಂದಿರದ ಮೆಟ್ಟಿಲಿಳಿಯುತ್ತ ಎಷ್ಟು ಸಲ ಕೇಳಿಲ್ಲ, ನಾವೇ ಎಷ್ಟು ಸಲ ಆಡಿಲ್ಲ! ಆದರೆ ಈಚಿನ ಕೆಲವು ವರ್ಷಗಳಿಂದ ಈ ಗೊಣಗು ಬೇರೊಂದು ದಿಕ್ಕಿನಿಂದ ಕೇಳಿಬರುತ್ತಿದೆ. ಅಮೆರಿಕದಲ್ಲಿ ವಿಡಿಯೊ ಆಟಗಳು ಟೆಲಿವಿಷನ್ ಧಾರಾವಾಹಿಗಳಾಗುತ್ತಿವೆ. ಆ ಆಟಗಳನ್ನಾಡಿ ಬೆಳೆದವರು, ಧಾರಾವಾಹಿಯ ಚಿತ್ರೀಕರಣ ಆರಂಭವಾಗುವುದಕ್ಕೆ ಮೊದಲೇ ತಮ್ಮ ಬೇಡಿಕೆಗಳನ್ನು ಮುಂದಿಡುತ್ತಾರೆ. ಅವು ಈಡೇರದಿದ್ದರೆ ಬಹಳವಾಗಿ ಸಿಟ್ಟಾಗುತ್ತಾರೆ. ಈ ಸಿಟ್ಟನ್ನು ಹುಡುಗಾಟವೆಂದು ತಳ್ಳಿಹಾಕುವವರ ಪಂಗಡದಲ್ಲಿ ನಾನೂ ಇದ್ದೆನು. ಈಗ ಇಲ್ಲ. ಆ ಪಂಗಡವನ್ನು ಬಿಟ್ಟುದೇಕೆಂದು ಹೇಳುವುದಕ್ಕಾಗಿಯೇ ಈ ಲೇಖನ.

ನನ್ನ ಅಕ್ಕನ ಮಗನೊಬ್ಬ ಓದಿನ ಸಲುವಾಗಿ ಎರಡು ವರ್ಷ ನಮ್ಮ ಮನೆಯಲ್ಲಿದ್ದನು. ರಾತ್ರಿಯ ಊಟವಾದ ಮೇಲೆ ಅವನು 'ದಿ ಲಾಸ್ಟ್ ಆಫ್ ಅಸ್' ಎಂಬ ಆಟವನ್ನಾಡುತ್ತಿದ್ದನು. ಮೊದಮೊದಲು ಗದ್ದಲವನ್ನು ಆಕ್ಷೇಪಿಸಲು ಅವನ ಕೋಣೆಗೆ ಹೋಗುತ್ತಿದ್ದ ನಾನು, ಕ್ರಮೇಣ ಗದ್ದಲವಿಲ್ಲದಾಗಲೂ ಹೋಗಿ ಕುಳಿತುಕೊಳ್ಳತೊಡಗಿದೆನು. ಒಂದು ದಿನ ಅವನು ಗುಂಡಿಗಳಿರುವ ಆ ಸಾಧನವನ್ನು ನನ್ನ ಕೈಗೇ ಕೊಟ್ಟು, "ನೀವೇ ಸ್ವಲ್ಪ ದೂರ ನಡೆಸಿ ಮಾವ" ಎಂದನು. ಐದು ನಿಮಿಷದಲ್ಲಿ ನಾನು ಮೂರು ಸಲ ಸತ್ತೆನು. ಆ ವಿಚಾರ ಇರಲಿ.

ಈ ಆಟವನ್ನು ಕ್ಯಾಲಿಫೋರ್ನಿಯದ ನಾಟಿ ಡಾಗ್ ಎಂಬ ಸಂಸ್ಥೆ 2013ರ ಜೂನ್ ತಿಂಗಳಲ್ಲಿ ಹೊರತಂದಿತು. ಕಥೆಯನ್ನು ಬರೆದವರು ನೀಲ್ ಡ್ರಕ್‌ಮನ್. ಇರುವೆಗಳ ಮೈಹೊಕ್ಕು ಅವುಗಳ ನಡವಳಿಕೆಯನ್ನೇ ತನ್ನ ವಶಕ್ಕೆ ತೆಗೆದುಕೊಳ್ಳುವ ಶಿಲೀಂಧ್ರವೊಂದು ಪ್ರಕೃತಿಯಲ್ಲಿ ನಿಜವಾಗಿಯೂ ಇದೆ. ಅಂಥದೊಂದು ಮನುಷ್ಯರಿಗೆ ತಗಲಿದರೆ ಏನಾದೀತೆಂಬ ಊಹೆಯಿಂದ ಕಥೆ ಹುಟ್ಟಿದೆ. ನಗರಗಳು ಪಾಳುಬಿದ್ದು ಇಪ್ಪತ್ತು ವರ್ಷಗಳಾಗಿವೆ. ರೋಗ ಹಬ್ಬಿದ ಮೊದಲ ರಾತ್ರಿಯೇ ಮಗಳನ್ನು ಕಳೆದುಕೊಂಡ ಜೋಯೆಲ್ ಎಂಬಾತನಿಗೆ, ರೋಗ ತಗಲದ ಮೈಯುಳ್ಳ ಹದಿನಾಲ್ಕು ವರ್ಷದ ಎಲೀ ಎಂಬ ಹುಡುಗಿಯನ್ನು ದೇಶದ ಒಂದು ತುದಿಯ ಬಾಸ್ಟನ್ ನಗರದಿಂದ ದೂರಕ್ಕೆ ಸಾಗಿಸುವ ಕೆಲಸ ಬೀಳುತ್ತದೆ. ಕೊನೆಗೆ ಸಾಲ್ಟ್ ಲೇಕ್ ಸಿಟಿಯ ಆಸ್ಪತ್ರೆಯಲ್ಲಿ, ಅವಳ ಮಿದುಳಿನಿಂದ ಮದ್ದು ತೆಗೆಯಬೇಕಾದರೆ ಅವಳು ಸಾಯಬೇಕೆಂದು ತಿಳಿಯುತ್ತದೆ. ಜೋಯೆಲ್ ತಡೆಯಬಂದವರನ್ನೆಲ್ಲ ಕೊಂದು ಅವಳನ್ನು ಎತ್ತಿಕೊಂಡು ಹೋಗುತ್ತಾನೆ. ಆಮೇಲೆ ಅವಳಿಗೆ ಸುಳ್ಳು ಹೇಳುತ್ತಾನೆ. ಕಥೆಯಿಷ್ಟೇ. ಇದರಲ್ಲಿ ಅಪೂರ್ವವಾದ ಘಟನೆಗಳೇನೂ ಇಲ್ಲವೆಂದು ವಾಚಕರಿಗೆ ತೋರಬಹುದು. ನನಗೂ ಹಾಗೆಯೇ ತೋರಿದ್ದಿತು.

2020ರ ಮಾರ್ಚಿಯಲ್ಲಿ, ಜಗತ್ತು ನಿಜವಾದ ಸಾಂಕ್ರಾಮಿಕಕ್ಕೆ ಹೆದರಿ ಬಾಗಿಲು ಮುಚ್ಚಿಕೊಳ್ಳುತ್ತಿದ್ದ ದಿನಗಳಲ್ಲಿಯೇ, ಎಚ್.ಬಿ.ಓ. ಸಂಸ್ಥೆ ಇದನ್ನು ಧಾರಾವಾಹಿಯಾಗಿ ಮಾಡುವುದಾಗಿ ಪ್ರಕಟಿಸಿತು. 'ಚೆರ್ನೋಬಿಲ್' ಎಂಬ ಧಾರಾವಾಹಿಯಿಂದ ಹೆಸರಾದ ಕ್ರೇಗ್ ಮೇಝಿನ್, ಡ್ರಕ್‌ಮನ್ ಅವರೊಡನೆ ಕೂಡಿ ಇದನ್ನು ರಚಿಸುವವರಿದ್ದರು. ಆಟದ ಅಭಿಮಾನಿಗಳಿಗೆ ಸಂತೋಷಕ್ಕಿಂತ ಭಯವೇ ಹೆಚ್ಚಾಯಿತು. ಆ ಭಯಕ್ಕೆ ಆಧಾರವಿದ್ದಿತು. 1993ರಲ್ಲಿ ಬಂದ 'ಸೂಪರ್ ಮಾರಿಯೊ ಬ್ರದರ್ಸ್' ಚಿತ್ರ ಸೋತಂದಿನಿಂದ ಆಟಗಳನ್ನು ಆಧರಿಸಿದ ಚಿತ್ರಗಳೆಂದರೆ ಹೆಸರನ್ನು ಮಾತ್ರ ಕೊಂಡು ಕಥೆಯನ್ನು ಬೀದಿಗೆಸೆಯುವ ವ್ಯಾಪಾರವೆಂಬ ಅಪಖ್ಯಾತಿ ಬೆಳೆದಿದ್ದಿತು. "ಏನನ್ನೂ ಬದಲಾಯಿಸಬೇಡಿ" ಎಂಬ ಅಭಿಮಾನಿಗಳ ಕೂಗು, ಮೂವತ್ತು ವರ್ಷ ಮೋಸಹೋದವರ ಕೂಗು.

ಬದಲಾಯಿಸುವುದೇ ಅಪರಾಧವೆಂದು ಕನ್ನಡದ ಓದುಗನಾದ ನಾನು ಒಪ್ಪಲಾರೆ. ವ್ಯಾಸಭಾರತದ ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯನ್ನಾಗಿ ಮಾಡಿದ ಪಂಪನನ್ನು ನಾವು ಆದಿಕವಿಯೆಂದು ಕರೆದಿದ್ದೇವೆ. ಯಕ್ಷಗಾನದ ಬಯಲಿನಲ್ಲಿ ರಾತ್ರಿಯೆಲ್ಲ ಕುಳಿತುಕೊಳ್ಳುವವನು ಕಥೆ ತಿಳಿಯದೆ ಬಂದವನಲ್ಲ. ಇಂದಿನ ಅರ್ಥಧಾರಿ ಅದನ್ನು ಹೇಗೆ ತಿರುಗಿಸುತ್ತಾನೆಂದು ನೋಡಬಂದವನು. ಈ ವಾದವನ್ನೇ ನಾನು ನನ್ನ ಅಳಿಯನ ಮುಂದೆ ಸ್ವಲ್ಪ ಹೆಮ್ಮೆಯಿಂದಲೇ ಮಂಡಿಸಿದೆನು. ಅವನು ಕೇಳಿ ಮುಗಿಸಿ, "ಸರಿ ಮಾವ. ಆದರೆ ಆ ಬಯಲಿನಲ್ಲಿ ಕುಳಿತವರಾರೂ ಮೊದಲೇ ತಾವು ಅರ್ಜುನನಾಗಿ ಬಾಣ ಬಿಟ್ಟು ಬಂದವರಲ್ಲವಲ್ಲ?" ಎಂದನು.

ನಾನು ಅಲ್ಲಿಯವರೆಗೆ ಕಾಣದಿದ್ದುದು ಇದನ್ನೇ. ಆ ಆಟವನ್ನು ಮುಗಿಸಲು ಸುಮಾರು 15 ಗಂಟೆಗಳಾದರೂ ಬೇಕು. ಅದರಲ್ಲಿ ಹೊಡೆದಾಟ ಒಂದಂಶ ಮಾತ್ರ. ಉಳಿದ ಕಾಲವೆಲ್ಲ ನಡಿಗೆ. ಪಾಳುಮನೆಯ ಮೇಜಿನ ಸೆಳೆಖಾನೆಗಳನ್ನೆಳೆದು ನೋಡುವುದು, ಮುರುಕು ಕತ್ತರಿಯೊಂದು ಸಿಕ್ಕಿತೆಂದು ಹಿಗ್ಗುವುದು, ಚಿಂದಿಬಟ್ಟೆ ಮತ್ತು ಮದ್ಯಸಾರ ಸೇರಿಸಿ ಗಾಯಕ್ಕೆ ಪಟ್ಟಿ ಮಾಡಿಕೊಳ್ಳುವುದು. ಹುಡುಗಿ ಪಕ್ಕದಲ್ಲಿ ಏನೋ ಹರಟುತ್ತಿರುತ್ತಾಳೆ. ಬೇಕಿದ್ದರೆ ನಿಂತು ಕೇಳಬಹುದು. ಬೇಡವಾದರೆ ಮುಂದೆ ನಡೆಯಬಹುದು. ಒಂದೆಡೆ ಪಾಳು ನಗರದ ನಡುವೆ ಜಿರಾಫೆಗಳ ಹಿಂಡು ಕಾಣಿಸುತ್ತದೆ. ನಮ್ಮ ಹುಡುಗ ಅಲ್ಲಿ ನಿಂತವನು ಬಹಳ ಹೊತ್ತು ಗುಂಡಿಯನ್ನೊತ್ತಲೇ ಇಲ್ಲ. ಕೆಲಸವೇನೂ ಇಲ್ಲ, ಅಪಾಯವೂ ಇಲ್ಲ. ಮುಂದೆ ಹೋದರೆ ಆಸ್ಪತ್ರೆ. ಹೊರಡುವ ಹೊತ್ತನ್ನು ಆಟ ಅವನಿಗೇ ಬಿಟ್ಟಿದೆ. ಧಾರಾವಾಹಿಯಲ್ಲಿಯೂ ಆ ದೃಶ್ಯವಿದೆ; ನಿಜವಾದ ಜಿರಾಫೆಯನ್ನೇ ಅದಕ್ಕೆ ಬಳಸಿದರು. ದೃಶ್ಯ ಸುಂದರವಾಗಿದೆ, ಮೂಲಕ್ಕೆ ನಿಷ್ಠವಾಗಿದೆ, ತನ್ನ ಹೊತ್ತಿಗೆ ತಾನು ಮುಗಿಯುತ್ತದೆ.

ಆಸ್ಪತ್ರೆಯ ಪ್ರಸಂಗ ಇದಕ್ಕಿಂತ ಗಂಭೀರವಾದದ್ದು. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ವೈದ್ಯನೊಬ್ಬ ಸಣ್ಣ ಚಾಕು ಹಿಡಿದು ಅಡ್ಡ ನಿಂತಿದ್ದಾನೆ. ಉಳಿದ ಇಬ್ಬರನ್ನು ಬಿಟ್ಟುಬಿಡಬಹುದು, ಇವನನ್ನು ಬಿಡುವಂತಿಲ್ಲ. ಆಡುವವನು ಎಷ್ಟು ಹೊತ್ತು ಕಾದರೂ ಬೇರೆ ದಾರಿ ತೆರೆಯುವುದಿಲ್ಲ. ಗುಂಡಿಯನ್ನು ಒತ್ತಲೇಬೇಕು, ಒತ್ತುವವರೆಗೆ ಕಥೆ ಕದಲುವುದಿಲ್ಲ. ಹೀಗೆ, ಜೋಯೆಲ್ ಮಾಡಿದ ಕೊಲೆಯಲ್ಲಿ ಆಡಿದವನ ಹೆಬ್ಬೆರಳಿಗೂ ಪಾಲು ಬರುತ್ತದೆ. "ಅದು ತಪ್ಪೆಂದು ಗೊತ್ತಿತ್ತು, ಆದರೂ ಒತ್ತಿದೆ, ಬೇಗನೆ ಒತ್ತಿದೆ" ಎಂದು ನಮ್ಮ ಹುಡುಗ ಹೇಳಿದಾಗ ಅವನು ನನ್ನ ಮುಖ ನೋಡುತ್ತಿರಲಿಲ್ಲ. 2023ರ ಮಾರ್ಚಿಯಲ್ಲಿ ಪ್ರಸಾರವಾದ ಮೊದಲ ಭಾಗದ ಕೊನೆಯ ಕಂತಿನಲ್ಲಿ ಇದೇ ಹತ್ಯಾಕಾಂಡವನ್ನು ತೋರಿಸುವಾಗ ಗುಂಡಿನ ಸದ್ದನ್ನು ತಗ್ಗಿಸಿ ಮೇಲೆ ವಿಷಾದದ ಸಂಗೀತವನ್ನು ಹರಿಸಿದ್ದಾರೆ. ಪೆಡ್ರೊ ಪಾಸ್ಕಲ್ ಅವರ ಮುಖ ಕಲ್ಲಾಗಿಬಿಟ್ಟಿದೆ. ಇದಕ್ಕಿಂತ ಉತ್ತಮವಾಗಿ ಚಿತ್ರಿಸುವುದು ಕಷ್ಟ. ಆದರೆ ನಾನು ಸೋಫಾದಲ್ಲಿ ಕುಳಿತು ಜೋಯೆಲ್‌ನನ್ನು ವಿಚಾರಣೆ ಮಾಡಿದೆನು. ನನ್ನ ಪಕ್ಕದಲ್ಲಿದ್ದವನು ತನ್ನನ್ನು ವಿಚಾರಣೆ ಮಾಡಿಕೊಳ್ಳುತ್ತಿದ್ದನು. ಅಭಿಮಾನಿಗಳು "ಇದ್ದ ಹಾಗೆಯೇ ಇರಲಿ" ಎಂದು ಬೇಡುವಾಗ, ಸಂಭಾಷಣೆ ಉಡುಪು ಮುಖಲಕ್ಷಣಗಳ ಹೆಸರು ಹೇಳಿದರೂ, ಅವರು ಮರಳಿ ಕೇಳುತ್ತಿರುವುದು ಈ ಪಾಲನ್ನೇ ಎಂದು ನನಗೆ ತೋರುತ್ತದೆ. ಅದನ್ನು ಕೊಡುವ ಶಕ್ತಿ ಟೆಲಿವಿಷನ್ನಿಗಿಲ್ಲ.

ಹಾಗಾದರೆ ಅದಕ್ಕಿರುವ ಶಕ್ತಿ ಯಾವುದು? ಮೊದಲ ಭಾಗದ ಮೂರನೆಯ ಕಂತು ಇದಕ್ಕೆ ಉತ್ತರ. ಆಟದಲ್ಲಿ ಬಿಲ್ ಎಂಬ ಒಂಟಿ ಸಿಡುಕನೊಬ್ಬನಿದ್ದಾನೆ. ಅವನ ಸಂಗಾತಿ ಫ್ರಾಂಕ್‌ನನ್ನು ನಾವು ಕಾಣುವುದು ಹೆಣವಾಗಿ ಮಾತ್ರ. ಬಿಲ್‌ನನ್ನು ದ್ವೇಷಿಸಿ ಬರೆದ ಪತ್ರವೊಂದು ಅಲ್ಲಿ ಸಿಗುತ್ತದೆ. ಧಾರಾವಾಹಿಯವರು ಇದನ್ನು ಸಂಪೂರ್ಣವಾಗಿ ತಿರುಗಿಸಿಬಿಟ್ಟರು. ನಿಕ್ ಆಫರ್‌ಮನ್ ಮತ್ತು ಮರ್ರೇ ಬಾರ್ಟ್‌ಲೆಟ್ ಅಭಿನಯಿಸಿದ ಆ ಕಂತಿನಲ್ಲಿ ಬಿಲ್ಲನೂ ಫ್ರಾಂಕನೂ ಹಲವು ವರ್ಷ ಸಂಸಾರ ನಡೆಸುತ್ತಾರೆ, ಜಗಳವಾಡುತ್ತಾರೆ, ಸ್ಟ್ರಾಬೆರಿ ಬೆಳೆದು ತಿನ್ನುತ್ತಾರೆ, ಮುದುಕರಾಗುತ್ತಾರೆ. ಒಬ್ಬನಿಗೆ ವಾಸಿಯಾಗದ ರೋಗ ಬಂದಾಗ ಇಬ್ಬರೂ ಒಂದೇ ದಿನ ಸಾಯುತ್ತಾರೆ. ಜೋಯೆಲ್ ಮತ್ತು ಎಲೀ ಆ ಕಂತಿನ ಅಂಚಿನಲ್ಲಷ್ಟೇ ಇದ್ದಾರೆ. ಆಟದಲ್ಲಿ ಇದು ಆಗುವಂತೆಯೇ ಇರಲಿಲ್ಲ, ಏಕೆಂದರೆ ಅಲ್ಲಿ ಆಡುವವನು ಇಲ್ಲದ ಕಡೆ ಕಥೆಯೂ ಇರಲಾರದು. ಕ್ಯಾಮರಕ್ಕೆ ಆ ಬಂಧನವಿಲ್ಲ. ನನ್ನ ಮನೆಯವರು ಆಟವನ್ನು ಒಂದು ನಿಮಿಷವೂ ನೋಡಿದವರಲ್ಲ. ಆ ರಾತ್ರಿ ಅವರು ಏಳದೆ ಕುಳಿತಿದ್ದರು. ಇದನ್ನು ವಿರೋಧಿಸಿ ಎದ್ದ ಕೂಗಿನಲ್ಲಿ ಒಂದು ಪಾಲು ಮೂಲನಿಷ್ಠೆಯ ಹೆಸರು ಹೇಳಿದರೂ, ಇಬ್ಬರು ಗಂಡಸರ ಪ್ರೇಮವನ್ನು ಸಹಿಸಲಾರದ ಅಸಹನೆಯಲ್ಲದೆ ಬೇರೇನೂ ಅಲ್ಲ. ಅದಕ್ಕೆ ಉತ್ತರ ಕೊಡುವ ಅಗತ್ಯ ನನಗೆ ಕಾಣದು.

ಇಲ್ಲಿ 'ಫಾಲ್‌ಔಟ್' ಎಂಬ ಇನ್ನೊಂದು ಧಾರಾವಾಹಿಯನ್ನು ನೆನೆಯಬೇಕು. ಅಣುಯುದ್ಧದಿಂದ ಸುಟ್ಟುಹೋದ ಅಮೆರಿಕದ ಕಥೆಯದು. ಮೊದಲ ಆಟ ಬಂದುದು 1997ರಲ್ಲಿ, ಧಾರಾವಾಹಿ 2024ರ ಏಪ್ರಿಲಿನಲ್ಲಿ. ಅಲ್ಲಿ ಪ್ರತಿಯೊಬ್ಬ ಆಟಗಾರನೂ ತನ್ನ ನಾಯಕನನ್ನು ತಾನೇ ರೂಪಿಸಿಕೊಳ್ಳುವುದರಿಂದ ಎಲ್ಲರಿಗೂ ಸೇರಿದ ಒಂದು ಮುಖವೆಂಬುದೇ ಇರಲಿಲ್ಲ. ನಿರ್ಮಾಪಕರು ಜಾಣತನದಿಂದ ಹಳೆಯ ಲೋಕದಲ್ಲಿ ಹೊಸ ಪಾತ್ರಗಳನ್ನಿಟ್ಟರು. ಆಗ ಅಭಿಮಾನಿಗಳ ಜಗಳ ಮುಖಗಳನ್ನು ಬಿಟ್ಟು ಇತಿಹಾಸದ ಕಡೆಗೆ ತಿರುಗಿತು: ಕರಿಹಲಗೆಯ ಮೇಲೆ ಬರೆದಿದ್ದ ಒಂದು ಇಸವಿ ಹಿಂದಿನ ಆಟಗಳ ಕಾಲಗಣನೆಗೆ ಹೊಂದುತ್ತದೆಯೇ ಇಲ್ಲವೇ ಎಂಬ ಚರ್ಚೆ, ನಮ್ಮ ಶಾಸನತಜ್ಞರು ಅಸೂಯೆಪಡುವಷ್ಟು ಸೂಕ್ಷ್ಮವಾಗಿ ನಡೆಯಿತು.

ಆದರೆ ನಿಜವಾದ ಪರೀಕ್ಷೆ ಬಂದುದು 'ಲಾಸ್ಟ್ ಆಫ್ ಅಸ್' ಕಥೆಯ ಉತ್ತರಾರ್ಧದಲ್ಲಿ. ಆಟದ ಎರಡನೆಯ ಭಾಗ 2020ರ ಜೂನಿನಲ್ಲಿ ಬಂದಿತು. ಅದರ ಆರಂಭದಲ್ಲಿಯೇ ಆ್ಯಬಿ ಎಂಬ ಯುವತಿ ಜೋಯೆಲ್‌ನನ್ನು ಬಡಿದು ಕೊಲ್ಲುತ್ತಾಳೆ. ಏಕೆಂದು ತಿಳಿಯದು. ಎಲೀಯಾಗಿ ಸೇಡಿಗಾಗಿ ಅಲೆದಲೆದು ಅರ್ಧ ದಾರಿ ಸವೆಸಿದ ಮೇಲೆ, ಆಟ ಒಮ್ಮೆಗೇ ಆ್ಯಬಿಯನ್ನೇ ಆಟಗಾರನ ಕೈಗೆ ಕೊಡುತ್ತದೆ. ಆಗ ತಿಳಿಯುತ್ತದೆ: ಆಸ್ಪತ್ರೆಯಲ್ಲಿ ಚಾಕು ಹಿಡಿದು ನಿಂತಿದ್ದ ಆ ವೈದ್ಯ ಅವಳ ತಂದೆ. ಯಾರ ಹೆಬ್ಬೆರಳು ಅವನನ್ನು ಕೊಂದಿತೋ ಅದೇ ಹೆಬ್ಬೆರಳು ಈಗ ಅವನ ಮಗಳನ್ನು ನಡೆಸಬೇಕು, ಉಣಿಸಬೇಕು, ಅಪಾಯದಿಂದ ಕಾಪಾಡಬೇಕು. ಇದನ್ನು ಸಹಿಸದವರು ಹಲವರು. ಅವರಲ್ಲಿ ಕೆಲವರು ಆ್ಯಬಿಯ ಪಾತ್ರಕ್ಕೆ ಧ್ವನಿ ನೀಡಿದ ಲಾರಾ ಬೇಯ್ಲಿ ಎಂಬ ನಟಿಗೆ ಕೊಲೆಯ ಬೆದರಿಕೆಗಳನ್ನು ಕಳುಹಿಸಿದರು. ಧಾರಾವಾಹಿಯಲ್ಲಿ ಎಲೀಯ ಪಾತ್ರ ವಹಿಸಿದ ಬೆಲ್ಲಾ ರಾಮ್ಸೆ ಅವರನ್ನು ಮುಖ ಹೋಲುವುದಿಲ್ಲವೆಂಬ ಒಂದೇ ಕಾರಣಕ್ಕೆ ವರ್ಷಗಟ್ಟಲೆ ಹಂಗಿಸಿದರು. ಆಟಗಾರನ ಪಾಲಿನ ಪರವಾಗಿ ನಾನು ಇಷ್ಟು ಹೊತ್ತು ವಾದಿಸಿದೆನಾದರೂ, ಇಲ್ಲಿ ಆ ವಾದ ನಿಂತುಹೋಗುತ್ತದೆ. ಪಾತ್ರವನ್ನು ಕೈಯಲ್ಲಿ ಹಿಡಿದು ನಡೆಸಿದವನಿಗೆ ಪಾತ್ರದ ಮೇಲೆ ಹಕ್ಕುಂಟೆಂದಾದರೂ, ಪಾತ್ರ ಧರಿಸಿದ ಜೀವಂತ ಮನುಷ್ಯರ ಮೇಲೆ ಅವನಿಗೇನಿದೆ?

2025ರ ಏಪ್ರಿಲ್-ಮೇ ತಿಂಗಳುಗಳಲ್ಲಿ ಈ ಕಥೆ ಧಾರಾವಾಹಿಯ ಎರಡನೆಯ ಭಾಗವಾಗಿ ಬಂದಿತು. ಆ್ಯಬಿಯಾಗಿ ಕೇಟ್ಲಿನ್ ಡೆವರ್ ಅವರನ್ನು ಆರಿಸಿದಾಗ, ಆಟದ ಆ್ಯಬಿಗಿದ್ದ ಗರಡಿಯಾಳಿನ ಮೈಕಟ್ಟು ಇವರಿಗಿಲ್ಲವೆಂದು ಗುಲ್ಲೆದ್ದಿತು. ಡ್ರಕ್‌ಮನ್ ಕೊಟ್ಟ ಸಮಾಧಾನ ನನ್ನ ವಾದಕ್ಕೆ ಸಾಕ್ಷಿಯಂತಿದೆ: ಆಟದಲ್ಲಿ ಎಲೀಯನ್ನು ನಡೆಸುವುದಕ್ಕೂ ಆ್ಯಬಿಯನ್ನು ನಡೆಸುವುದಕ್ಕೂ ಕೈಗೆ ವ್ಯತ್ಯಾಸ ತಿಳಿಯಬೇಕಾಗಿತ್ತು, ಅದಕ್ಕಾಗಿ ಆ ಮೈಕಟ್ಟು, ಧಾರಾವಾಹಿಯಲ್ಲಿ ಆ ಅಗತ್ಯ ಅಷ್ಟಿಲ್ಲ ಎಂಬುದು ಅದರ ತಾತ್ಪರ್ಯ. ಕೈಯಿಲ್ಲದ ಕಡೆ ಮೈಯೇಕೆ! ಅದಕ್ಕಿಂತ ದೊಡ್ಡ ಬದಲಾವಣೆ ಮತ್ತೊಂದು. ಆಟ ಅರ್ಧದವರೆಗೆ ಬಚ್ಚಿಟ್ಟಿದ್ದ ಗುಟ್ಟನ್ನು ಧಾರಾವಾಹಿ ಮೊದಲ ಎರಡು ಕಂತುಗಳಲ್ಲಿಯೇ ಹೇಳಿಬಿಡುತ್ತದೆ. ನೋಡುಗನ ಕೈಗೆ ಆ್ಯಬಿಯನ್ನು ಕೊಡುವಂತಿಲ್ಲವಾದ್ದರಿಂದ, ಅವಳ ದುಃಖವನ್ನು ಕಿವಿಗಾದರೂ ಮುಂಚೆ ಹಾಕಬೇಕಾಯಿತು. ಇದು ವಿವೇಕವೇ. ಆದರೂ ಎರಡನೆಯ ಭಾಗ ಮೊದಲನೆಯದರಷ್ಟು ನನ್ನನ್ನು ಹಿಡಿಯಲಿಲ್ಲ. ಬಿಲ್ ಮತ್ತು ಫ್ರಾಂಕರ ಕಂತಿನಲ್ಲಿದ್ದ ಸ್ವಾತಂತ್ರ್ಯವನ್ನು ಬಿಟ್ಟು ಅದು ಆಟದ ಹೆಜ್ಜೆಯ ಮೇಲೆ ಹೆಜ್ಜೆಯಿಡಹೋಗಿ, ಆ ಹೆಜ್ಜೆಗಳಿಗೆ ಕಾರಣವಾಗಿದ್ದ ಕೈಯಿಲ್ಲದೆ ತಡವರಿಸಿದೆ.

ಎರಡನೆಯ ಭಾಗ ಮುಗಿಯುವುದೂ ಅಂಥ ಒಂದು ಹೆಜ್ಜೆಯ ಮೇಲೆಯೇ. ಕಾಲ ಕೆಲವು ದಿನ ಹಿಂದಕ್ಕೆ ಸರಿದು ಸಿಯಾಟಲ್ ನಗರದಲ್ಲಿ ಆ್ಯಬಿ ಕಣ್ಣು ತೆರೆಯುತ್ತಾಳೆ. ಇನ್ನು ಕಥೆ ಅವಳದು. ಆ ಕಂತುಗಳ ಪ್ರಸಾರಕ್ಕೆ ಮೊದಲೇ ಮೂರನೆಯ ಭಾಗಕ್ಕೆ ಒಪ್ಪಿಗೆ ದೊರೆತಿದ್ದಿತು. 2025ರ ಜುಲೈನಲ್ಲಿ ಡ್ರಕ್‌ಮನ್ ತಾವು ಧಾರಾವಾಹಿಯ ಕೆಲಸದಿಂದ ಹಿಂದೆ ಸರಿಯುವುದಾಗಿ ತಿಳಿಸಿದ ಮೇಲೆ ಅಭಿಮಾನಿಗಳ ಆತಂಕ ಹೆಚ್ಚಾಗಿದೆ.

ನಮ್ಮ ಹುಡುಗ ಈಗ ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾನೆ. ಕಳೆದ ಹಬ್ಬಕ್ಕೆ ಬಂದಾಗ ಮಾತು ಇದರತ್ತ ತಿರುಗಿತು. ಆ್ಯಬಿಯಾಗಿ ನಿಂತು ಎಲೀಯನ್ನೇ ಹೊಡೆಯಬೇಕಾದ ಪ್ರಸಂಗವೊಂದು ಆಟದಲ್ಲಿದೆ. ಅಲ್ಲಿಗೆ ಬಂದಾಗ ಅವನು ಆಟ ನಿಲ್ಲಿಸಿ ಒಂದು ವಾರ ಅದನ್ನು ಮುಟ್ಟಿರಲಿಲ್ಲವಂತೆ. ನಮ್ಮ ಮನೆಯಲ್ಲಿದ್ದಾಗಲೇ ನಡೆದದ್ದು. ಪರೀಕ್ಷೆಯ ಓದೆಂದು ನಾವು ತಿಳಿದಿದ್ದೆವು. "ಆ ಒಂದು ವಾರವನ್ನು ಧಾರಾವಾಹಿಯಲ್ಲಿ ಎಲ್ಲಿ ತೋರಿಸುತ್ತಾರೆ ಮಾವ?" ಎಂದು ಕೇಳಿದನು. ಎಂಟನೆಯ ದಿನ ಏಕೆ ಮುಟ್ಟಿದೆಯೆಂದು ನಾನು ಕೇಳಿದೆನು. ಸ್ವಲ್ಪ ಹೊತ್ತು ಯೋಚಿಸಿ, ಅವಳ ಮೇಲಿನ ಸಿಟ್ಟು ಎಲ್ಲಿ ಹೋಯಿತೋ ತನಗೆ ತಿಳಿಯಲಿಲ್ಲವೆಂದನು. ಮೂರನೆಯ ಭಾಗ ಬಂದಾಗ ಕೂಡಿ ನೋಡುವುದೆಂದು ಮಾತಾಗಿದೆ.