ರಸಿಕಸ್ಮೃತಿಯ ಪ್ರಾಮಾಣ್ಯ

ಸಂಗೀತರಸಿಕರು ನಾಲ್ವರು ಒಂದೆಡೆ ಕಲೆತರೆಂದರೆ, ಮಾತು ಎಲ್ಲಿಂದ ಹೊರಟರೂ ಅದು ಅವರು ಹಿಂದೊಮ್ಮೆ ಕೇಳಿದ ಯಾವುದಾದರೊಂದು ಕಚೇರಿಯ ವರ್ಣನೆಗೆ ಬಂದು ನಿಲ್ಲದೆ ಇರುವುದಿಲ್ಲ. ಬೆಂಗಳೂರಿನವರಾದರೆ, 1939ರಲ್ಲಿ ಎಸ್. ವಿ. ನಾರಾಯಣಸ್ವಾಮಿರಾಯರು ಚಾಮರಾಜಪೇಟೆಯಲ್ಲಿ ಆರಂಭಿಸಿ, ಮುಂದೆ ಫೋರ್ಟ್ ಹೈಸ್ಕೂಲಿನ ಮೈದಾನದಲ್ಲಿ ನೆಲೆಗೊಂಡ ರಾಮನವಮಿ ಸಂಗೀತೋತ್ಸವದ ಚಪ್ಪರವನ್ನೂ, ಅದರೊಳಗೆ ಸ್ಥಳ ದೊರೆಯದೆ ಬೀದಿಯಲ್ಲಿ ನಿಂತೇ ಕೇಳಿದ ಜನವನ್ನೂ ನೆನೆಯುತ್ತಾರೆ. ಮೈಸೂರಿನವರಾದರೆ ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರದ ಹೆಸರನ್ನೆತ್ತುತ್ತಾರೆ. ಧಾರವಾಡ ಹುಬ್ಬಳ್ಳಿಗಳ ಕಡೆಯವರಾದರೆ, ಸವಾಯಿ ಗಂಧರ್ವರ ಪುಣ್ಯಸ್ಮರಣೆಯ ನಿಮಿತ್ತ ಕುಂದಗೋಳದಲ್ಲಿ ಬೆಳಗಿನವರೆಗೆ ನಡೆಯುವ ಬೈಠಕ್ಕುಗಳ ಪ್ರಸ್ತಾಪವಿಲ್ಲದೆ ಅವರ ಮಾತು ಮುಗಿಯದು. ಒಬ್ಬರಿಗೆ ಚೆಂಬೈ ವೈದ್ಯನಾಥ ಭಾಗವತರ ಕಂಠಕ್ಕೆ ಚೌಡಯ್ಯನವರ ಏಳು ತಂತಿಯ ಪಿಟೀಲು ಕೊಟ್ಟ ಉತ್ತರ ನೆನಪಿರುತ್ತದೆ. ಮತ್ತೊಬ್ಬರಿಗೆ ಮಲ್ಲಿಕಾರ್ಜುನ ಮನ್ಸೂರರು ಅಪರೂಪದ ರಾಗವೊಂದನ್ನು ಎತ್ತಿಕೊಂಡಾಗ ಸಭೆಯಲ್ಲಿ ಉಂಟಾದ ಕುತೂಹಲ ನೆನಪಿರುತ್ತದೆ. ಇಂತಹ ಸ್ಮರಣೆಗೆ ಬೆಲೆಯೇನು, ಇದು ಕೇವಲ ಹರಟೆಯೋ ಅಥವಾ ಕಲೆಯ ಬಾಳಿಗೆ ಬೇಕಾದ ಒಂದು ವ್ಯಾಪಾರವೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಇದನ್ನು ಹರಟೆಯೆಂದು ತಳ್ಳಿಹಾಕುವವರ ಪಕ್ಷ ದುರ್ಬಲವಾದುದೇನೂ ಅಲ್ಲ. ನಮ್ಮ ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕನ್ನು ಪ್ರಮಾಣಗಳೆಂದು ಎಣಿಸಿದರೇ ಹೊರತು, ಸ್ಮೃತಿಗೆ ಆ ಪಂಕ್ತಿಯಲ್ಲಿ ಎಡೆಗೊಡಲಿಲ್ಲ. ಹಿಂದಿನ ಅನುಭವವು ಉಳಿಸಿಹೋದ ಸಂಸ್ಕಾರದಿಂದ ಮಾತ್ರವೇ ಹುಟ್ಟುವ ಜ್ಞಾನವಾದುದರಿಂದ ಅದಕ್ಕೆ ಸ್ವಂತವಾದ ಸತ್ಯವಿಲ್ಲ, ಇರುವುದೆಲ್ಲ ಕಡವಾಗಿ ತಂದುದು ಎಂಬುದು ಅವರ ಅಭಿಪ್ರಾಯ. ಇತ್ತೀಚಿನ ಮನಶ್ಶಾಸ್ತ್ರವಾದರೋ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಕೇಂಬ್ರಿಜ್ಜಿನ ಫ್ರೆಡರಿಕ್ ಬಾರ್ಟ್‌ಲೆಟ್ ಎಂಬ ವಿದ್ವಾಂಸನು, ಜನರಿಗೆ ಅಪರಿಚಿತವಾದ ಪರದೇಶದ ಕಥೆಯೊಂದನ್ನು ಓದಲು ಕೊಟ್ಟು, ಕಾಲಾಂತರದಲ್ಲಿ ಮತ್ತೆ ಮತ್ತೆ ಅದನ್ನು ಅವರಿಂದ ಹೇಳಿಸಿ, ಕಥೆಯು ಸಾರಿ ಸಾರಿಗೂ ಸಂಕ್ಷೇಪಗೊಂಡು, ಹೇಳುವವರ ಆಚಾರವಿಚಾರಗಳಿಗೆ ಅನುಗುಣವಾಗಿ ಮಾರ್ಪಡುವುದನ್ನು 1932ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ತೋರಿಸಿಕೊಟ್ಟನು. ಆತನ ಮತದಂತೆ ಸ್ಮರಿಸುವುದೆಂದರೆ ಪ್ರತಿಸಲವೂ ಹೊಸದಾಗಿ ಕಟ್ಟುವುದೇ.

ಈ ನ್ಯಾಯವು ರಸಿಕರ ಸ್ಮೃತಿಗೆ ಅನ್ವಯಿಸದೆಂದು ಯಾರೂ ವಾದಿಸಲಾರರು. ಮುಕ್ಕಾಲು ಗಂಟೆಯ ರಾಗಾಲಾಪನೆ ಇಪ್ಪತ್ತು ವರ್ಷಗಳ ತರುವಾಯ ಎರಡು ಗಂಟೆಗಳದಾಗುವುದುಂಟು. ಅರ್ಧ ತುಂಬಿದ್ದ ಸಭಾಂಗಣದಲ್ಲಿ ಕಾಲಿಡಲು ಸ್ಥಳವಿಲ್ಲದಷ್ಟು ಜನ ಕಿಕ್ಕಿರಿಯುವುದುಂಟು. ಬೇರೆ ಯಾರೋ ಕೇಳಿ ಬಂದು ವರ್ಣಿಸಿದುದು ತಾನೇ ಕೇಳಿದುದೆಂಬ ಭ್ರಮೆಯಾಗಿ ಬಲಿಯುವುದೂ ಉಂಟು. ಇದಲ್ಲದೆ ಸ್ಮರಿಸುವಾತನು ತಾನು ಹಾಡುಗಾರಿಕೆಯನ್ನು ನೆನೆಯುತ್ತಿರುವೆನೆಂದು ಭಾವಿಸುವ ಎಷ್ಟೋ ಸಂದರ್ಭಗಳಲ್ಲಿ, ಆತನು ನಿಜವಾಗಿ ನೆನೆಯುತ್ತಿರುವುದು ತನ್ನ ಯೌವನವನ್ನು. ಇಪ್ಪತ್ತನೆಯ ವಯಸ್ಸಿನಲ್ಲಿ ಕೇಳಿದ ತೋಡಿಯು ಅರುವತ್ತನೆಯ ವಯಸ್ಸಿನಲ್ಲಿ ಕೇಳಿದ ತೋಡಿಗಿಂತ ಮಿಗಿಲೆನಿಸುವುದಕ್ಕೆ ಹಾಡಿದವರೇ ಕಾರಣರಾಗಿರಬೇಕೆಂದಿಲ್ಲ.

ಇಷ್ಟನ್ನು ಒಪ್ಪಿಕೊಂಡ ಮೇಲೂ ವಿಚಾರಮಾಡಬೇಕಾದ ಮುಖ್ಯಾಂಶವೊಂದು ಉಳಿಯುತ್ತದೆ. ರಸಿಕನು ಸಾಕ್ಷ್ಯ ನುಡಿಯುವುದು ಯಾವ ವಿಷಯಕ್ಕೆ? ಆಲಾಪನೆ ಎಷ್ಟು ನಿಮಿಷ ನಡೆಯಿತು, ಎಷ್ಟು ಜನ ಸೇರಿದ್ದರು ಎಂಬಿವಕ್ಕೆ ಆತನ ಮಾತು ದುರ್ಬಲವಾದ ಸಾಕ್ಷ್ಯವೆಂಬುದು ದಿಟ. ಆದರೆ ಆ ಗಾನವು ತನ್ನಲ್ಲಿ ಏನನ್ನು ಮಾಡಿತು ಎಂಬುದಕ್ಕೆ ಆತನನ್ನು ಬಿಟ್ಟರೆ ಬೇರೆ ಸಾಕ್ಷಿಯೇ ಇಲ್ಲ. ಕಾಳಿದಾಸನ ಶಾಕುಂತಲದ ಐದನೆಯ ಅಂಕದಲ್ಲಿ, ಹಂಸಪದಿಕೆಯ ಹಾಡು ಕಿವಿಗೆ ಬಿದ್ದೊಡನೆ, ಶಾಪವಶದಿಂದ ಶಕುಂತಲೆಯನ್ನು ಸಂಪೂರ್ಣವಾಗಿ ಮರೆತಿರುವ ದುಷ್ಯಂತನ ಮನಸ್ಸು ಕಾರಣ ತಿಳಿಯದೆ ಕಳವಳಗೊಳ್ಳುತ್ತದೆ. ಆ ಸಂದರ್ಭದ ಶ್ಲೋಕವನ್ನು ರಸವಿಚಾರದಲ್ಲಿ ಎತ್ತಿಕೊಂಡ ಅಭಿನವಗುಪ್ತನು, ಅಲ್ಲಿ ಕಾಣುವ ಸ್ಮೃತಿಯು ತಾರ್ಕಿಕರು ಹೇಳುವ ಸ್ಮೃತಿಯಲ್ಲ, ಅದು ಪ್ರತಿಭಾನವೆಂಬ ಹೆಸರಿನ ಸಾಕ್ಷಾತ್ಕಾರವೇ ಎಂದು ವಿವರಿಸುತ್ತಾನೆ. ಕಚೇರಿಯನ್ನು ಕೇಳಿ ಬಂದವನ ನೆನಪೂ ದುಷ್ಯಂತನ ಕಳವಳವೂ ಸರ್ವಥಾ ಒಂದೇ ಎಂದು ನಾನು ಹೇಳಲಾರೆನು. ಆದರೂ ನ್ಯಾಯಸ್ಥಾನದ ಸ್ಮೃತಿ ಬೇರೆ, ರಸಾನುಭವದಲ್ಲಿ ಕೆಲಸಮಾಡುವ ಸ್ಮೃತಿ ಬೇರೆ ಎಂಬ ಈ ವಿವೇಕವು ನಮಗೆ ಇಲ್ಲಿ ಅತ್ಯಂತ ಉಪಯುಕ್ತವಾದುದು. ಮೊದಲನೆಯದು ನಡೆದುದನ್ನು ನಡೆದಂತೆ ಒಪ್ಪಿಸಬೇಕಾಗಿದೆ. ಎರಡನೆಯದರ ಕೆಲಸ, ಮುಂದೆ ಕೇಳುವ ಕಿವಿಯನ್ನು ಸಿದ್ಧಪಡಿಸುವುದು.

ಇಲ್ಲಿ ಧ್ವನಿಮುದ್ರಣದ ಪಕ್ಷಪಾತಿಗಳು ಎದ್ದುನಿಂತು, ಯಂತ್ರವು ಯಥಾವತ್ತಾಗಿ ಹಿಡಿದಿಟ್ಟಿರುವಾಗ ಮುಪ್ಪಿನವರ ವರ್ಣನೆಯ ಅಗತ್ಯವೇನೆಂದು ಕೇಳಬಹುದು. ಯಂತ್ರದ ಉಪಕಾರ ಅಲ್ಪವಾದುದಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನಿಗಾಗಿ ಹಾಡಿದರು. ಅದೇ ವರ್ಷ ತಿರುವೈಯಾರಿನ ಮಹಾವಿದ್ವಾಂಸರಾದ ಪಟ್ಟಣಂ ಸುಬ್ರಹ್ಮಣ್ಯ ಅಯ್ಯರ್ ಅವರು ತೀರಿಕೊಂಡರು. ಆಕೆಯ ಕಂಠವನ್ನು ನಾವು ಇಂದಿಗೂ ಕೇಳಬಲ್ಲೆವು, ಅವರ ಕಂಠವನ್ನು ಕೇಳಲಾರೆವು. ಆದರೆ ಆ ತಟ್ಟೆಗಳ ಒಂದೊಂದು ಮಗ್ಗುಲಿಗೂ ದೊರೆಯುತ್ತಿದ್ದುದು ಮೂರು ನಾಲ್ಕು ನಿಮಿಷಗಳ ಅವಕಾಶ ಮಾತ್ರ. ಇಡೀ ರಾಗವನ್ನು ಅಷ್ಟರೊಳಗೆ ಮಡಿಸಿಡಬೇಕಾಗಿತ್ತು. ಅದೇ ಗೌಹರ್ ಜಾನ್ ಕಡೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲಿಯೇ ದೇಹಬಿಟ್ಟರು. ಕಾಲದ ಪರಿಮಿತಿಯಿಲ್ಲದೆ, ಎದುರಿಗೆ ಕುಳಿತ ತಿಳಿದವರ ಮುಖವನ್ನು ನೋಡಿ ಆಕೆ ಹಾಡಿದಾಗ ಆ ಸಂಗೀತವು ಹೇಗಿತ್ತೆಂಬುದನ್ನು ಅರಗಿನ ತಟ್ಟೆಯು ತಿಳಿಸಲಾರದು.

ಈಗ ಕಚೇರಿಯನ್ನು ಆದ್ಯಂತವಾಗಿ ಮುದ್ರಿಸಬಹುದಲ್ಲ ಎಂದರೆ, ಆಕ್ಷೇಪಣೆ ಇನ್ನೂ ಬಲವಾಗುತ್ತದೆಯೇ ಹೊರತು ಗೆಲ್ಲುವುದಿಲ್ಲ. ನಮ್ಮ ಸಂಗೀತದ ಪ್ರಾಣವು ಮನೋಧರ್ಮ. ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ಯರು ರೂಢಿಗೆ ತಂದ ಕಚೇರಿಪದ್ಧತಿಯಲ್ಲಿ ಕೃತಿಗಳ ಕ್ರಮವು ಮೊದಲೇ ಗೊತ್ತಾಗಿರಬಹುದಾದರೂ, ಆಲಾಪನೆ, ನೆರವಲು, ಸ್ವರಪ್ರಸ್ತಾರಗಳು ಹುಟ್ಟುವುದು ವೇದಿಕೆಯ ಮೇಲೆಯೇ, ಅಂದಿನ ಶಾರೀರ, ಅಂದಿನ ಪಕ್ಕವಾದ್ಯ, ಅಂದಿನ ಸಭಿಕರನ್ನು ಅನುಸರಿಸಿ. ಗಾಯಕನು ಒಂದು ಸಂಚಾರವನ್ನು ಹಾಡಿ, ಅದು ಎದುರಿನವರಿಗೆ ಮುಟ್ಟಿತೆಂದು ಕಂಡ ಮೇಲೆ ಎರಡನೆಯದಕ್ಕೆ ಕೈಹಾಕುತ್ತಾನೆ. ಮುಟ್ಟಲಿಲ್ಲವೆಂದು ಕಂಡರೆ ದಾರಿಯನ್ನೇ ಬದಲಿಸುತ್ತಾನೆ. ಕಚೇರಿ ಕಳೆಗಟ್ಟಿತು ಎಂದು ನಮ್ಮ ಜನ ಹೇಳುವುದು ಈ ಉಭಯಸಂಬಂಧವು ಕೂಡಿಬಂದಾಗ. ಪಾಲ್ಘಾಟ್ ಮಣಿ ಅಯ್ಯರ್ ಅವರು ಮೈಕನ್ನು ಒಲ್ಲದೆ, ಅದಿಲ್ಲದ ಕಚೇರಿಗಳನ್ನೇ ಬಯಸಿದುದಕ್ಕೆ ಕಾರಣವೂ ಇದೇ ದಿಕ್ಕಿನಲ್ಲಿದೆ: ಮೃದಂಗದ ನಾದವು ಹದಗೊಂಡಿರುವುದು ಪಕ್ಕದಲ್ಲಿರುವ ಕಂಠಕ್ಕೂ ಎದುರಿಗಿರುವ ಕಿವಿಗೂ ಅಲ್ಲವೆ? ಮುದ್ರಣವು ನಾದವನ್ನು ಉಳಿಸಿಕೊಡುತ್ತದೆ, ಕೇಳಿದವರನ್ನು ಉಳಿಸಿಕೊಡುವುದಿಲ್ಲ. ಆ ಭಾಗವನ್ನು ಕೇಳಿದವರೇ ಹೇಳಬೇಕು.

ಗ್ರಾಮಫೋನ್ ತಟ್ಟೆಯು ಬಾಳನ್ನೇ ತಿರುಗಿಸಿದ ಉದಾಹರಣೆಯೂ ನಮ್ಮ ನಾಡಿನಲ್ಲಿ ಉಂಟು. ಗದಗಿನ ಬಾಲಕನೊಬ್ಬನು ಅಬ್ದುಲ್ ಕರೀಮ್ ಖಾನರ ತಟ್ಟೆಯನ್ನು ಕೇಳಿ ಮರುಳಾಗಿ, ಎಳೆಯ ವಯಸ್ಸಿನಲ್ಲಿಯೇ ಮನೆ ಬಿಟ್ಟು, ಉತ್ತರದೇಶಗಳಲ್ಲೆಲ್ಲ ಅಲೆದು, ಮುಂದೆ ಭೀಮಸೇನ ಜೋಶಿಯೆಂದು ಖ್ಯಾತನಾದ ಕಥೆಯನ್ನು ಅರಿಯದವರಾರು? ಆದರೆ ಆ ಕಥೆಯ ಉತ್ತರಾರ್ಧವನ್ನು ಗಮನಿಸಬೇಕು. ತಟ್ಟೆಯು ಆತನನ್ನು ಮತ್ತೊಂದು ತಟ್ಟೆಯ ಬಳಿಗೆ ಕಳುಹಿಸಲಿಲ್ಲ; ಖಾನ್ ಸಾಹೇಬರ ಶಿಷ್ಯರೇ ಆದ ಸವಾಯಿ ಗಂಧರ್ವರ ಪದತಲಕ್ಕೆ, ಕುಂದಗೋಳಕ್ಕೆ, ಕರೆತಂದಿತು. ಉತ್ತಮವಾದ ಸ್ಮರಣೆಯ ಲಕ್ಷಣವೂ ಇದೇ ಎಂದು ನನ್ನ ಮತ: ಅದು ತನ್ನಲ್ಲಿಯೇ ತಂಗದೆ, ಕೇಳಿದವನನ್ನು ಜೀವಂತವಾದ ಸಂಗೀತದ ಕಡೆಗೆ ನೂಕಬೇಕು.

ಹಾಡುವವನಿಗೆ ಗುರುಕುಲವುಂಟು, ಅಭ್ಯಾಸಕ್ರಮವುಂಟು, ಪಾಠಾಂತರವುಂಟು. ಕೇಳುವವನಿಗೆ ಯಾವ ಶಾಲೆ? ಶಾಸ್ತ್ರಗ್ರಂಥಗಳಿಂದ ರಾಗಲಕ್ಷಣವನ್ನು ತಿಳಿಯಬಹುದು, ಕೇಳುವುದನ್ನು ಕಲಿಯಲಾಗದು. ಕಚೇರಿ ಮುಗಿದು ಮನೆಯ ಕಡೆಗೆ ನಡೆಯುವಾಗ, ಹಿರಿಯರೊಬ್ಬರು ಅಂದಿನ ಭೈರವಿಯನ್ನು ತಾವು ಹಿಂದೆ ಕೇಳಿದ ಭೈರವಿಯೊಡನೆ ಹೋಲಿಸಿ, ಇಂಥ ಸ್ಥಾನದಲ್ಲಿ ಅವರು ನಿಂತರು, ಇವರು ಜಾರಿದರು, ಆದರೆ ಮತ್ತೊಂದೆಡೆ ಇವರೇ ಮೇಲು ಎಂದು ವಿಂಗಡಿಸಿ ಹೇಳಿದರೆ, ಜೊತೆಯಲ್ಲಿ ನಡೆಯುವ ಕಿರಿಯನ ಕಿವಿಗೆ ಅದುವರೆಗೆ ಇಲ್ಲದ ಒಂದು ಸೂಕ್ಷ್ಮತೆಯು ಒದಗುತ್ತದೆ. ಮುಂದಿನ ಸಲ ಆತನು ಭೈರವಿಯನ್ನು ಕೇಳುವಾಗ ಆ ಸ್ಥಾನಕ್ಕಾಗಿ ಕಾದಿರುತ್ತಾನೆ. ಸಮ್ ಎಲ್ಲಿ ಬೀಳುವುದೆಂದು ಎದುರುನೋಡುವ ಕುತೂಹಲವನ್ನು ಧಾರವಾಡದ ಎಷ್ಟೋ ಜನರು ಕಲಿತುದು ಈ ರೀತಿಯ ಮಾತುಕತೆಗಳಿಂದಲೇ. ಗಾಯಕಪರಂಪರೆಗೆ ಸಮಾನಾಂತರವಾಗಿ ಶ್ರೋತೃಪರಂಪರೆಯೊಂದು ಹೀಗೆ ಹರಿದುಬರುತ್ತದೆ. ಇದು ಬತ್ತಿದ ಊರಿನಲ್ಲಿ ಒಳ್ಳೆಯ ಗಾಯಕರು ಹುಟ್ಟಿದರೂ ನಿಲ್ಲಲಾರರು.

ಸ್ಮೃತಿಯನ್ನು ಹಂಚಿಕೊಳ್ಳುವುದರಿಂದ ಅದರ ದೋಷವೂ ಕೆಲಮಟ್ಟಿಗೆ ಪರಿಹಾರವಾಗುತ್ತದೆ. ಏಕಾಂತದಲ್ಲಿ ಮೆಲುಕುಹಾಕಿದ ನೆನಪು ಯಾವ ಅಡ್ಡಿಯೂ ಇಲ್ಲದೆ ಬೆಳೆಯುತ್ತದೆ. ನಾಲ್ವರ ನಡುವೆ ಇಟ್ಟ ನೆನಪಿಗೆ, ಅಂದು ಅಲ್ಲಿಯೇ ಇದ್ದ ಮತ್ತೊಬ್ಬರು, ಅದು ಖರಹರಪ್ರಿಯವಲ್ಲ, ಕಾಂಭೋಜಿ ಎಂದು ತಡೆಯೊಡ್ಡುತ್ತಾರೆ. ಈ ಬಗೆಯ ಸ್ಮರಣೆ ಬರವಣಿಗೆಗೆ ಇಳಿದಾಗ ಅದು ಇತಿಹಾಸಕ್ಕೂ ಆಧಾರವಾಗುವುದು. ಪಟ್ಟಣಂ ಅವರ ಶಿಷ್ಯರಾದ ಮೈಸೂರು ವಾಸುದೇವಾಚಾರ್ಯರು ‘ನಾ ಕಂಡ ಕಲಾವಿದರು’ ಎಂಬ ಗ್ರಂಥವನ್ನು ಬರೆಯದೆ ಹೋಗಿದ್ದರೆ, ಡಿ. ವಿ. ಗುಂಡಪ್ಪನವರು ‘ಜ್ಞಾಪಕ ಚಿತ್ರಶಾಲೆ’ಯ ಒಂದು ಸಂಪುಟವನ್ನು ಕಲೋಪಾಸಕರಿಗಾಗಿ ಮೀಸಲಿಡದೆ ಹೋಗಿದ್ದರೆ, ಹಿಂದಿನ ತಲೆಮಾರಿನ ಎಷ್ಟೋ ವಿದ್ವಾಂಸರು ನಮಗೆ ಬರಿಯ ಹೆಸರುಗಳಾಗಿ ಉಳಿಯುತ್ತಿದ್ದರು.

ಆದರೆ ಇದೇ ಸ್ಮೃತಿಯು ಅನರ್ಥಕ್ಕೂ ಕಾರಣವಾಗುವುದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಆ ಕಾಲ ಹೋಯಿತು, ಆ ಕಂಠಗಳು ಹೋದವು, ಈಗಿನದು ಸಂಗೀತವೇ ಅಲ್ಲ ಎಂಬ ಪಲ್ಲವಿಯನ್ನು ಹಾಡುವವರು ಪ್ರತಿ ಸಭೆಯಲ್ಲಿಯೂ ಇದ್ದಾರೆ. ಅವರು ಮರೆಯುವ ಸಂಗತಿಯೊಂದುಂಟು. ಸುಳೇಭಾವಿಯಲ್ಲಿ ಹುಟ್ಟಿ ದೇವಾಸದಲ್ಲಿ ನೆಲೆಸಿದ ಕುಮಾರ ಗಂಧರ್ವರು ತಮ್ಮ ನವೀನಮಾರ್ಗವನ್ನು ತೋರಿದಾಗ, ಹಳೆಯ ಘರಾಣೆಗಳ ಗಾಯನವನ್ನು ಮನದಲ್ಲಿಟ್ಟುಕೊಂಡವರಿಂದ ಬಂದ ಆಕ್ಷೇಪಣೆ ಕಡಮೆಯದಲ್ಲ. ಇಂದು ಅವರ ಕಚೇರಿಗಳೇ ಕಳೆದುಹೋದ ವೈಭವದ ಸಾಕ್ಷಿಗಳಾಗಿ ಉದಾಹೃತವಾಗುತ್ತಿವೆ. ಯಾವ ಸ್ಮೃತಿಯು ಅಂದು ಅವರನ್ನು ಹಳಿಯಲು ಬಳಕೆಯಾಯಿತೋ, ಅದೇ ಜಾತಿಯ ಸ್ಮೃತಿಯು ಇಂದು ಅವರನ್ನು ಮುಂದಿಟ್ಟುಕೊಂಡು ಎಳೆಯರನ್ನು ಹಳಿಯುತ್ತಿದೆ. ಒರೆಗಲ್ಲು ಬಂಗಾರವನ್ನು ಪರೀಕ್ಷಿಸುವುದಕ್ಕಾಗಿ ಇರತಕ್ಕದ್ದು. ಅದನ್ನೇ ಎತ್ತಿ ಅಕ್ಕಸಾಲಿಗನ ತಲೆಗೆ ಹೊಡೆಯುವುದು ವಿವೇಕವಲ್ಲ.

ಹಾಗಾದರೆ ಗುಣಕಾರಿಯಾದ ಸ್ಮೃತಿಯನ್ನು ಗುರುತಿಸುವುದು ಹೇಗೆ? ಅದು ವಿಶೇಷವನ್ನು ಹೇಳಬೇಕು. ಅದ್ಭುತವಾಗಿತ್ತು, ಸ್ವರ್ಗವೇ ಇಳಿದುಬಂದಂತಿತ್ತು ಎಂಬ ಸಾಮಾನ್ಯೋಕ್ತಿಗಳು ಯಾವ ಕಚೇರಿಗೂ ಸಲ್ಲುವುದರಿಂದ ಯಾವ ಕಚೇರಿಯನ್ನೂ ಕುರಿತು ಏನನ್ನೂ ತಿಳಿಸುವುದಿಲ್ಲ. ಯಾವ ರಾಗ, ಯಾವ ಕೃತಿ, ಎಲ್ಲಿ ತಡೆದರು, ಪಕ್ಕವಾದ್ಯದವರು ಏನನ್ನು ಕೂಡಿಸಿದರು ಎಂದು ಹೇಳಬಲ್ಲವನ ನೆನಪು ಮಾತ್ರವೇ ಮತ್ತೊಬ್ಬನ ಕಿವಿಯನ್ನು ತಿದ್ದಬಲ್ಲುದು. ಎರಡನೆಯದಾಗಿ, ಅದು ಹೊಸಬನೊಬ್ಬನಲ್ಲಿ ಅದೇ ಗುಣವು ಕಂಡಾಗ ಕೂಡಲೇ ಗುರುತಿಸಿ ಭಲೇ ಎನ್ನಲು ಸಿದ್ಧವಾಗಿರಬೇಕು. ಹಿಂದಿನದನ್ನು ನಿಜವಾಗಿ ಕೇಳಿದ್ದವನಿಗೆ ಇಂದಿನದರಲ್ಲಿಯೂ ಅದರ ಅಂಶವು ಕಾಣದೆ ಇರುವುದಿಲ್ಲ. ಎಲ್ಲಿಯೂ ಏನೂ ಕಾಣದವನು ಅಂದೂ ಸರಿಯಾಗಿ ಕೇಳಿರಲಿಲ್ಲವೆಂದೇ ಊಹಿಸಬೇಕಾಗುತ್ತದೆ.

ಆದುದರಿಂದ ರಸಿಕಸ್ಮೃತಿಯ ಪ್ರಾಮಾಣ್ಯವು ಕಳೆದುಹೋದ ಕಚೇರಿಯ ವಿಷಯದಲ್ಲಿ ನಿರ್ಣಯವಾಗತಕ್ಕದ್ದಲ್ಲ, ಮುಂದೆ ನಡೆಯಲಿರುವ ಕಚೇರಿಯಲ್ಲಿ ನಿರ್ಣಯವಾಗತಕ್ಕದ್ದು. ತನಿ ಆವರ್ತನ ಮೊದಲಾದೊಡನೆ ಕಾಫಿಗೆಂದು ಎದ್ದುಹೋಗುವವನಿಗೆ ಮಣಿ ಅಯ್ಯರ್ ಅವರ ಮೃದಂಗವನ್ನು ಹೊಗಳುವ ಅಧಿಕಾರವಿಲ್ಲ. ಊರಿನ ಗಣೇಶೋತ್ಸವದಲ್ಲಿ ಹಾಡುವ ಎಳೆಯ ಹುಡುಗಿಯ ಕಚೇರಿಗೆ ಕಾಲಿಡದವನಿಗೆ ಗಂಗೂಬಾಯಿ ಹಾನಗಲ್ಲರ ಹೆಸರನ್ನು ಹೇಳಿಕೊಂಡು ನಿಟ್ಟುಸಿರುಬಿಡುವ ಅಧಿಕಾರವೂ ಇಲ್ಲ. ಹಳೆಯ ಕಚೇರಿಗಳನ್ನು ಕೇಳಿ ಧನ್ಯರಾದ ಹಿರಿಯರು ತಮ್ಮ ನೆನಪುಗಳನ್ನು ಧಾರಾಳವಾಗಿ ಹೇಳಲಿ, ಸಾಧ್ಯವಾದರೆ ಬರೆದಿಡಲಿ. ಆದರೆ ಮುಂದಿನ ಕಚೇರಿಗೆ ಹೊರಡುವಾಗ ಮನೆಯ ಕಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಮಂಗಳ ಹಾಡುವವರೆಗೂ ಕುಳಿತು ಕೇಳಿ, ಹಿಂದಿನ ಮಾತನ್ನು ಆ ಬಳಿಕವೇ ಆರಂಭಿಸಲಿ ಎಂಬುದು ನನ್ನ ಪ್ರಾರ್ಥನೆ.