ಕಲ್ಚರ್ ಪರೀಕ್ಷೆ ತಾಲ್ಲೂಕಿಗೂ ತಲುಪಲಿ

ಇಳಕಲ್ಲಿನ ನಮ್ಮ ಬಂಧುವೊಬ್ಬರು, ನೇಕಾರರು, ಮೂತ್ರಪಿಂಡದ ಕಲ್ಲಿನ ಶಸ್ತ್ರಚಿಕಿತ್ಸೆಯ ಬಳಿಕ ಜ್ವರಕ್ಕೆ ಬಿದ್ದರು. ಖಾಸಗಿ ಆಸ್ಪತ್ರೆಯೊಂದರಲ್ಲಿ ಹನ್ನೊಂದು ದಿನಗಳಲ್ಲಿ ಮೂರು ಬಗೆಯ ಪ್ರತಿಜೈವಿಕ ಔಷಧಗಳನ್ನು ಬದಲಿಸಲಾಯಿತು. ಮೂತ್ರವನ್ನು ಕಲ್ಚರ್ ಪರೀಕ್ಷೆಗೆ ಕಳುಹಿಸಿದ್ದು ನಾಲ್ಕನೆಯದರ ಚೀಟಿ ಬರೆಯುವ ಹೊತ್ತಿಗೆ. ‘ಇಎಸ್‌ಬಿಎಲ್ ಪಾಸಿಟಿವ್’ ಎಂದಿತ್ತು ವರದಿ. ಅವರೇನೋ ಬದುಕಿಕೊಂಡರು, ಮನೆಯ ಎರಡು ಮಗ್ಗಗಳಲ್ಲಿ ಒಂದು ಮಾರಾಟವಾಯಿತು.

ಆ ವರದಿಯ ಅರ್ಥ ಗಹನವಾದುದೇನಲ್ಲ. ಕೆಲವು ಬ್ಯಾಕ್ಟೀರಿಯಾಗಳು ಬೀಟಾ-ಲ್ಯಾಕ್ಟಮೇಸ್ ಎಂಬ ಕಿಣ್ವವನ್ನು ಉತ್ಪಾದಿಸಿ, ಪೆನಿಸಿಲಿನ್ ವರ್ಗದ ಔಷಧಗಳ ಅಣುವಿನಲ್ಲಿರುವ ಉಂಗುರವನ್ನೇ ತುಂಡರಿಸುತ್ತವೆ. ಸೆಫಲೋಸ್ಪೊರಿನ್‌ಗಳನ್ನೂ ನಿಷ್ಫಲಗೊಳಿಸುವ ಅದರ ವಿಸ್ತೃತ ರೂಪವೇ ಇಎಸ್‌ಬಿಎಲ್. 1983ರಲ್ಲಿ ಜರ್ಮನಿಯಿಂದ ಮೊದಲು ವರದಿಯಾದದ್ದು. ಪತ್ತೆಯ ವಿಧಾನ ಬಲು ಸರಳ. ರೋಗಾಣು ಬೆಳೆಸಿದ ತಟ್ಟೆಯ ಮೇಲೆ ಎರಡು ಬಿಲ್ಲೆಗಳನ್ನಿಡುತ್ತಾರೆ: ಒಂದರಲ್ಲಿ ಸೆಫ್ಟಾಜಿಡಿಮ್ ಮಾತ್ರ, ಇನ್ನೊಂದರಲ್ಲಿ ಅದರೊಡನೆ ಕಿಣ್ವವನ್ನು ಕಟ್ಟಿಹಾಕುವ ಕ್ಲಾವುಲಾನಿಕ್ ಆಮ್ಲ. ಎರಡನೆಯದರ ಸುತ್ತಲಿನ ನಿರ್ಜೀವ ವಲಯ 5 ಮಿ.ಮೀ. ಅಥವಾ ಅದಕ್ಕಿಂತ ಹಿಗ್ಗಿದ್ದರೆ ಕಳ್ಳ ಸಿಕ್ಕಿದಂತೆಯೇ. ಸುಮಾರು ಎರಡು ದಿನಗಳ ಕೆಲಸ. ಇದಿಲ್ಲದೆ ವೈದ್ಯರು ಕಡೆಯ ಅಸ್ತ್ರವಾದ ಮೆರೋಪೆನೆಮ್‌ಗೆ ಕೈಹಾಕುತ್ತಾರೆ. ಅದನ್ನೂ ಒಡೆಯುವ ಎನ್‌ಡಿಎಂ-1 ಕಿಣ್ವ ಬಂದಾಗಿದೆ. 2010ರಲ್ಲಿ ನಾವು ಅದರಲ್ಲಿರುವ ‘ನವದೆಹಲಿ’ ಎಂಬ ಹೆಸರಿನ ಬಗ್ಗೆ ಜಗಳವಾಡಿದಷ್ಟು ಆಸ್ಪತ್ರೆಗಳ ಪ್ರಯೋಗಾಲಯಗಳ ಬಗ್ಗೆ ಚರ್ಚಿಸಲಿಲ್ಲ.

ಬಾದಾಮಿಯ ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವವರಿಗೆ ತಮ್ಮದೊಂದು ಸೀರೆಯಿಂದ ಕೆರೆ ಕೆಡುವುದಿಲ್ಲವೆನಿಸುವುದು ಸಹಜ. ಪ್ರತಿಜೈವಿಕ ಔಷಧದ ಶಕ್ತಿಯೂ ಅಂಥದೇ ಸಾಮೂಹಿಕ ಆಸ್ತಿ. ಪ್ರತಿರೋಧದ ವಂಶವಾಹಿ ಒಂದು ಬ್ಯಾಕ್ಟೀರಿಯಾದಿಂದ ಮತ್ತೊಂದಕ್ಕೆ ದಾಟುವುದರಿಂದ, ಒಬ್ಬರ ಅನವಶ್ಯಕ ಮಾತ್ರೆಯ ಬೆಲೆಯನ್ನು ಪಕ್ಕದ ಹಾಸಿಗೆಯವರು ತೆರುತ್ತಾರೆ. 2014ರ ಮಾರ್ಚ್‌ನಿಂದ ‘ಎಚ್1’ ಅನುಸೂಚಿಯ ಔಷಧಗಳ ಮಾರಾಟವನ್ನು ಅಂಗಡಿಯವರು ವಹಿಯಲ್ಲಿ ದಾಖಲಿಸಿ ಮೂರು ವರ್ಷ ಕಾಯ್ದಿಡಬೇಕು. ವಹಿಗಳನ್ನು ತಪಾಸಣೆ ಮಾಡುತ್ತಲೇ ಸೇವಾವಧಿ ಕಳೆದವನು ನಾನು. ವಹಿ ಮಾರಾಟವನ್ನು ಹೇಳೀತು, ಆ ಔಷಧ ಬೇಕಿತ್ತೇ ಎಂಬುದನ್ನು ಹೇಳಲಾರದು. ಅದನ್ನು ಹೇಳುವುದು ತಟ್ಟೆ.

ಬಾಗಲಕೋಟೆಯಲ್ಲಿ 2002ರಿಂದ ವೈದ್ಯಕೀಯ ಕಾಲೇಜಿದೆ. ಅಂದಮೇಲೆ ಸೂಕ್ಷ್ಮಜೀವಿಶಾಸ್ತ್ರ ವಿಭಾಗವೂ ಇದೆ. ಬಾದಾಮಿ, ಹುನಗುಂದ, ಇಳಕಲ್‌ಗಳ ಸರ್ಕಾರಿ ಆಸ್ಪತ್ರೆಗಳಿಂದ ಪ್ರತಿದಿನ ಬೆಳಿಗ್ಗೆ ಒಂದು ಶೀತಪೆಟ್ಟಿಗೆ ಅಲ್ಲಿಗೆ ಬರಲು ಅಡ್ಡಿಯೇನು? ಕ್ಷಯರೋಗಿಗಳ ಕಫದ ಮಾದರಿಗಳನ್ನು ಸಾಗಿಸುವ ರೂಢಿ ನಮ್ಮಲ್ಲಿದ್ದೇ ಇದೆ. ಜ್ವರದಲ್ಲಿರುವ ರೋಗಿ ಎರಡು ದಿನ ಕಾಯಲಾರ ಎಂಬ ವೈದ್ಯರ ಆಕ್ಷೇಪಣೆ ನ್ಯಾಯವಾದುದು. ಆದರೆ ಕಾಯಬೇಕೆಂದು ಯಾರೂ ಹೇಳುತ್ತಿಲ್ಲ. ಮೊದಲು ಮಾದರಿ ತೆಗೆದು ಆಮೇಲೆ ಸೂಜಿ ಚುಚ್ಚಿದರಾಯಿತು, ವರದಿ ಬಂದೊಡನೆ ಔಷಧ ಬದಲಿಸಬಹುದು ಅಥವಾ ನಿಲ್ಲಿಸಬಹುದು. ಸಾಗಣೆಯ ವೆಚ್ಚವನ್ನು ಆಸ್ಪತ್ರೆಗಳ ಆರೋಗ್ಯ ರಕ್ಷಾ ಸಮಿತಿಗಳು ಭರಿಸಬಹುದು. ಯಾವ ರೋಗಾಣುವಿಗೆ ಯಾವ ಔಷಧ ಇನ್ನೂ ನಾಟುತ್ತದೆ ಎಂಬ ಒಂದು ಹಾಳೆಯ ಪಟ್ಟಿಯನ್ನು ವರ್ಷಕ್ಕೊಮ್ಮೆ ಜಿಲ್ಲೆಯ ಎಲ್ಲ ವೈದ್ಯರಿಗೂ, ಖಾಸಗಿಯವರಿಗೂ ಹಂಚಬೇಕು. ಮೊದಲ ಪಟ್ಟಿಗೆ ಒಂದು ವರ್ಷದ ಮಾದರಿಗಳು ಸಾಕು.